ಮನೆಯ ಆವರಣದ ಈಜುಕೊಳಕ್ಕೆ ಬೇಲಿ: ತುಮಕೂರಿನಲ್ಲಿ ನಿಯಮವೇನು, ಅಳತೆಯೇನು?

ಪ್ರಶ್ನೆ: ಕ್ಯಾತ್ಸಂದ್ರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾತ್ಸಂದ್ರದ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಮಗನ ಆಸೆಯಂತೆ ಹಿತ್ತಿಲಿನಲ್ಲಿ 24 ಅಡಿ ಉದ್ದ, 12 ಅಡಿ ಅಗಲದ ಒಂದು ಚಿಕ್ಕ ಈಜುಕೊಳವನ್ನೂ ಸೇರಿಸಿಕೊಂಡಿದ್ದೇವೆ. ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದು ತುದಿಯಲ್ಲಿ ನಾಲ್ಕೂವರೆ ಅಡಿ ಆಳ ಬರುತ್ತದೆ. ಮೊಮ್ಮಗಳಿಗೆ ಈಗ ಎರಡೂವರೆ ವರ್ಷ. ಅಡುಗೆಮನೆಯ ಹಿಂಬಾಗಿಲು ನೇರವಾಗಿ ಕೊಳದ ಅಂಚಿಗೇ ತೆರೆದುಕೊಳ್ಳುತ್ತದೆ ಎಂಬುದು ನನ್ನ ಚಿಂತೆ. ಆರಡಿ ಕಾಂಪೌಂಡ್ ಗೋಡೆ ಇರುವಾಗ ಇನ್ನೊಂದು ಬೇಲಿ ಯಾಕೆ ಎಂದು ಮೇಸ್ತ್ರಿ ಕೇಳುತ್ತಾರೆ. ಬೇಲಿ ಹಾಕಿದರೆ ಹಿತ್ತಿಲು ಕೋಳಿಗೂಡಿನ ಹಾಗೆ ಕಾಣುತ್ತದೆ ಎಂದು ಬೀಗರು ಹೇಳುತ್ತಾರೆ. ನಕ್ಷೆ ಬರೆದವರು ಮಾತ್ರ ಯಾರೂ ಈ ವಿಷಯ ಕೇಳಿಲ್ಲ ಎಂದು ಸುಮ್ಮನಾಗಿದ್ದಾರೆ.

ತುಮಕೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಖಾಸಗಿ ಮನೆಯ ಈಜುಕೊಳಕ್ಕೆ ಬೇಲಿ ಕಡ್ಡಾಯವೇ? ಕಡ್ಡಾಯವಲ್ಲದಿದ್ದರೆ ಯಾವ ಅಳತೆಯನ್ನು ನಂಬಿ ಮಾಡಿಸಬೇಕು? ಇದರ ಜೊತೆಗೆ ಗುಬ್ಬಿ ತಾಲ್ಲೂಕಿನ ನಮ್ಮ ತೋಟದಲ್ಲಿ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡವೊಂದಿದ್ದು, ಅದರ ತಂತಿ ಬೇಲಿ ಎರಡು ಕಡೆ ಬಿದ್ದುಹೋಗಿದೆ. ಅದಕ್ಕೂ ಇದೇ ಅಳತೆ ಅನ್ವಯಿಸುತ್ತದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಸಿವಿಲ್ ಇಂಜಿನಿಯರ್, ತುಮಕೂರು

ಮೊದಲು ನಿಯಮದ ಮಾತು. ಮನೆಯ ಈಜುಕೊಳದ ಬೇಲಿಗೆಂದೇ ಪ್ರತ್ಯೇಕವಾದ ಕಾಯ್ದೆ ಕೇಂದ್ರದ್ದೂ ಇಲ್ಲ, ರಾಜ್ಯದ್ದೂ ಇಲ್ಲ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮೂಲತಃ ಶಿಫಾರಸಿನ ರೂಪದ್ದು. ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಕಟ್ಟಡ ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟು ಭಾಗ ಮಾತ್ರ ನಮ್ಮ ಮೇಲೆ ಕಟ್ಟುಪಾಡಾಗುತ್ತದೆ. ತಾರಸಿಯ ಅಂಚಿನ ಪ್ಯಾರಪೆಟ್ ಒಂದು ಮೀಟರ್‌ಗಿಂತ ಗಿಡ್ಡವಿರಬಾರದು ಎಂಬುದು ಪ್ರತಿಯೊಬ್ಬ ಮೇಸ್ತ್ರಿಗೂ ಗೊತ್ತು. ಆದರೆ ನೆಲಮಟ್ಟದಲ್ಲಿ ತೋಡಿದ ನಾಲ್ಕೂವರೆ ಅಡಿ ನೀರಿನ ಗುಂಡಿಯ ಸುತ್ತ ಏನಿರಬೇಕು ಎಂದು ಅವರು ಯೋಚಿಸಿಯೇ ಇರುವುದಿಲ್ಲ. ಹಾಗೆಂದು ಕೈಚೆಲ್ಲಿ ಕೂರಬೇಡಿ. ಕೊಳವನ್ನು ಮಂಜೂರಾತಿ ನಕ್ಷೆಯಲ್ಲಿ ಸ್ಪಷ್ಟವಾಗಿ ತೋರಿಸಿ, ಅದರ ಸುತ್ತಲಿನ ಬೇಲಿಯನ್ನೂ ಗೇಟನ್ನೂ ಅಳತೆ ಸಮೇತ ಬರೆಸಿ, ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಸಲ್ಲಿಸಿ. ನಕ್ಷೆಯಲ್ಲಿ ಇಲ್ಲದ ಕೊಳವನ್ನು ಆಮೇಲೆ ತೋಡಿಸುವುದು ಬೇರೆಯದೇ ತಲೆನೋವು.

ಇನ್ನು ಕಾಂಪೌಂಡ್ ಗೋಡೆ ಸಾಕು ಎಂಬ ವಾದ. ಕಾಂಪೌಂಡ್ ತಡೆಯುವುದು ಬೀದಿಯ ಮಗುವನ್ನು, ಮನೆಯ ಮಗುವನ್ನಲ್ಲ. ನಿಮ್ಮ ಮೊಮ್ಮಗಳು ಕೊಳಕ್ಕೆ ಹೋಗುವುದು ಬೀದಿಯ ಗೇಟಿನಿಂದಲ್ಲ, ಅಡುಗೆಮನೆಯ ಹಿಂಬಾಗಿಲಿನಿಂದ. ಆದ್ದರಿಂದ ಮನೆಗೂ ನೀರಿಗೂ ನಡುವೆ ಏನಿದೆ ಎಂಬುದೊಂದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಅಮೆರಿಕದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೂ ಇದನ್ನೇ ಹೇಳಿದೆ: ಮೂರು ಕಡೆ ಬೇಲಿ ಹಾಕಿ ನಾಲ್ಕನೆಯ ಕಡೆ ಮನೆಯ ಗೋಡೆಯನ್ನೇ ನೆಚ್ಚಿಕೊಂಡ ಕೊಳಗಳಿಗಿಂತ, ನಾಲ್ಕೂ ಕಡೆ ಬೇಲಿ ಇರುವ ಕೊಳಗಳಲ್ಲಿ ಚಿಕ್ಕ ಮಕ್ಕಳು ಮುಳುಗುವ ಸಾಧ್ಯತೆ ಗಣನೀಯವಾಗಿ ಕಡಿಮೆ.

ಸಾಮಗ್ರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈಗಿನ ವೆಲ್ಡಿಂಗ್ ಅಂಗಡಿಗಳಲ್ಲಿ ಅಡ್ಡಪಟ್ಟಿಗಳ ವಿನ್ಯಾಸವೇ ಫ್ಯಾಷನ್ ಆಗಿಬಿಟ್ಟಿದೆ. ಬಾಲ್ಕನಿ, ಮೆಟ್ಟಿಲು, ಗೇಟು ಎಲ್ಲದಕ್ಕೂ ಅರ್ಧ ಅಡಿಗೊಂದು ಅಡ್ಡ ಪೈಪು ಎಳೆದು ಕೊಡುತ್ತಾರೆ. ನೋಡಲು ಚೆನ್ನ, ಆದರೆ ಮೂರು ವರ್ಷದ ಮಗುವಿಗೆ ಅದು ಏಣಿಯೇ. ಕೊಳದ ಬೇಲಿಗೆ ಉದ್ದುದ್ದ ನಿಲ್ಲಿಸಿದ ಸರಳುಗಳನ್ನೇ ಕೇಳಿ ಮಾಡಿಸಿ, ಎರಡು ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬಿಡಬೇಡಿ. ಖರ್ಚು ಕಡಿಮೆಯೆಂದು ಚೈನ್‌ಲಿಂಕ್ ಜಾಲರಿಯತ್ತ ಹೋದರೂ ಇದೇ ತೊಂದರೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಅಥವಾ ಮೂರು ಇಂಚಿನ ಕಣ್ಣಿನ ಜಾಲರಿ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಮಾರ್ಗಸೂಚಿಯಾದರೋ ಕೊಳದ ಬೇಲಿಯ ಜಾಲರಿಗೆ ಒಂದೂಕಾಲು ಇಂಚಿಗಿಂತ ದೊಡ್ಡ ಕಣ್ಣು ಬೇಡ ಎನ್ನುತ್ತದೆ. ಕಾರಣ ಸರಳ: ಎರಡಿಂಚಿನ ಕಣ್ಣಿನಲ್ಲಿ ಮಗುವಿನ ಹೆಬ್ಬೆರಳು ಸಲೀಸಾಗಿ ಊರುತ್ತದೆ.

ಉತ್ತರ: ತುಮಕೂರಿನ ವಕೀಲರು

ಇಂಜಿನಿಯರ್ ಅವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಪ್ರತ್ಯೇಕ ಕಾಯ್ದೆ ಇಲ್ಲವೆಂದ ಮಾತ್ರಕ್ಕೆ ಹೊಣೆಯೇ ಇಲ್ಲವೆಂದು ಅರ್ಥವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣವನ್ನು ಓದಿ ನೋಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133ನೇ ಪ್ರಕರಣವಾಗಿದ್ದ ಇದರ ಪ್ರಕಾರ, ಸಾರ್ವಜನಿಕ ದಾರಿಗೋ ಸ್ಥಳಕ್ಕೋ ಹೊಂದಿಕೊಂಡಿರುವ ಕೆರೆ, ಬಾವಿ ಅಥವಾ ಅಗೆದ ಗುಂಡಿಗೆ ಜನರಿಗೆ ಅಪಾಯವಾಗದಂತೆ ಬೇಲಿ ಹಾಕಬೇಕೆಂದು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಇತರ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಷರತ್ತುಬದ್ಧ ಆದೇಶ ಹೊರಡಿಸಬಹುದು. ಆಕ್ಷೇಪಣೆ ಇದ್ದರೆ ಹಾಜರಾಗಿ ಕಾರಣ ಹೇಳಲು ಮಾಲೀಕರಿಗೆ ಅವಕಾಶವಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಸಾರ್ವಜನಿಕ ದಾರಿಗೆ ಹೊಂದಿಕೊಂಡಿರುವ’ ಎಂಬ ಷರತ್ತು ಇರುವುದರಿಂದ, ನಾಲ್ಕು ಗೋಡೆಯೊಳಗಿನ ನಿಮ್ಮ ಈಜುಕೊಳಕ್ಕೆ ಈ ಪ್ರಕರಣ ತಗಲುವುದು ಕಷ್ಟ. ಗುಬ್ಬಿಯ ನಿಮ್ಮ ಕೃಷಿ ಹೊಂಡ ಊರಿನ ಬಂಡಿದಾರಿಯ ಪಕ್ಕದಲ್ಲಿದ್ದರೆ ಮಾತ್ರ ಧಾರಾಳವಾಗಿ ತಗಲುತ್ತದೆ. ಎರಡರಲ್ಲಿ ತಮಗೆ ಕಾನೂನಿನ ತುರ್ತು ಹೆಚ್ಚಿರುವುದು ತೋಟದಲ್ಲಿ ಎಂದು ನನಗನ್ನಿಸುತ್ತದೆ.

ಮನೆಯ ಕೊಳದ ವಿಷಯಕ್ಕೆ ಬಂದರೆ, ಅಲ್ಲಿ ಕೆಲಸಕ್ಕೆ ಬರುವುದು ನಿರ್ಲಕ್ಷ್ಯದ ಪ್ರಶ್ನೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಪ್ರಕರಣದಡಿ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಪ್ರಕರಣದ ಅಡಿಯಲ್ಲಿ ಇದು ಎರಡು ವರ್ಷಗಳಿಗೆ ಸೀಮಿತವಾಗಿತ್ತು. ನೆರೆಮನೆಯ ಮಗುವೋ ಮನೆಗೆಲಸದವರ ಮಗುವೋ ನಿಮ್ಮ ಕೊಳದಲ್ಲಿ ಬಿದ್ದಾಗ ಪೊಲೀಸರು ಮಹಜರಿನಲ್ಲಿ ಬರೆದುಕೊಳ್ಳುವುದು ಬೇಲಿ ಇತ್ತೇ, ಗೇಟು ಮುಚ್ಚಿತ್ತೇ, ಚಿಲಕ ಎಲ್ಲಿತ್ತು ಎಂಬುದನ್ನೇ. ಯಾವ ಮಾನದಂಡವನ್ನು ಅನುಸರಿಸಿ ಕಟ್ಟಿದಿರಿ ಎಂದು ಆಗ ತೋರಿಸಲು ನಿಮ್ಮ ಬಳಿ ಕಾಗದವಿರಬೇಕು. ಅಳತೆಗಳನ್ನು ಗುತ್ತಿಗೆ ಕರಾರಿನಲ್ಲೇ ಬರೆಸಿ, ಕೆಲಸ ಮುಗಿದ ಮೇಲೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ.

ಉತ್ತರ: ಶಿರಾದವನು, ಈಗ ಮೆಲ್ಬರ್ನ್

ನಾನು ಇಲ್ಲಿ ಬಾಡಿಗೆಗಿರುವ ಮನೆಯ ಹಿಂದೆ ಕೊಳವಿದೆ, ಹಾಗಾಗಿ ಇಲ್ಲಿನ ಕಟ್ಟಳೆಯನ್ನು ದಿನವೂ ಕಣ್ಣಾರೆ ನೋಡುತ್ತಿದ್ದೇನೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಎಎಸ್ 1926.1 ಎಂಬ ಮಾನದಂಡವಿದೆ, ಈಗ ಬಳಕೆಯಲ್ಲಿರುವುದು ಅದರ 2012ರ ಆವೃತ್ತಿ. ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ 300 ಮಿಲಿಮೀಟರ್‌ಗಿಂತ, ಅಂದರೆ ಒಂದು ಅಡಿಗಿಂತ, ಹೆಚ್ಚು ಆಳ ನೀರು ನಿಲ್ಲಬಲ್ಲ ಯಾವ ಕೊಳಕ್ಕೂ ತಡೆ ಬೇಕೇ ಬೇಕು. ಗಾಳಿ ತುಂಬಿಸುವ ರಬ್ಬರ್ ಕೊಳವೂ ಆಳ ಮೀರಿದರೆ ಇದೇ ಲೆಕ್ಕಕ್ಕೆ ಬರುತ್ತದೆ. ಕೊಳವನ್ನು ಕೌನ್ಸಿಲ್‌ನಲ್ಲಿ ನೋಂದಾಯಿಸಿ, ನಾಲ್ಕು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿ ಪ್ರಮಾಣಪತ್ರ ಸಲ್ಲಿಸಬೇಕು.

ಅಳತೆಗಳನ್ನು ತಮ್ಮ ಹಿತ್ತಿಲಿಗೆ ಹೊಂದಿಸಿ ಹೇಳುತ್ತೇನೆ. ಬೇಲಿಯ ಎತ್ತರ ಹೊರಗಿನ ನೆಲದಿಂದ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕು ಅಡಿ. ಸರಳುಗಳ ನಡುವಿನ ಸಂದೂ ಬೇಲಿಯ ಬುಡದ ಸಂದೂ 100 ಮಿಲಿಮೀಟರ್ ಮೀರಬಾರದು. ಅಡ್ಡಪಟ್ಟಿಗಳು ಹೊರಮುಖಕ್ಕೆ ಬರುವುದಾದರೆ ಕೆಳಗಿನದಕ್ಕೂ ಮೇಲಿನದಕ್ಕೂ 900 ಮಿಲಿಮೀಟರ್ ಅಂತರ ಬೇಕು. ಮಗು ಒಂದರ ಮೇಲೆ ಕಾಲಿಟ್ಟರೆ ಇನ್ನೊಂದು ಕಾಲಿಗೆ ಎಟುಕಬಾರದು ಎಂಬುದು ಇದರ ತಾತ್ಪರ್ಯ. ಇದೇ ಕಾರಣಕ್ಕೆ ಬೇಲಿಯ ಸುತ್ತ 900 ಮಿಲಿಮೀಟರ್ ಜಾಗದಲ್ಲಿ ಹತ್ತಲು ಆಸರೆಯಾಗುವ ಯಾವುದನ್ನೂ ಇಡುವಂತಿಲ್ಲ: ಹೂಕುಂಡ, ಕುರ್ಚಿ, ಮರದ ಕೊಂಬೆ ಯಾವುದೂ ಇರಬಾರದು. ನಮ್ಮ ಕಡೆಯ ಮನೆಗಳಲ್ಲಿ ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಮಗುಚಿಟ್ಟ ಡ್ರಮ್ಮು ಇವೆಲ್ಲ ಹಿತ್ತಿಲಿನಲ್ಲೇ ಇರುತ್ತವೆ, ಬೇಲಿಯ ಜಾಗ ಗುರುತು ಮಾಡುವ ಮೊದಲೇ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಂಪೌಂಡ್ ಗೋಡೆಯನ್ನೇ ಒಂದು ಬದಿಯ ಬೇಲಿಯಾಗಿ ಬಳಸಬಹುದು, ಆದರೆ ಆಗ ಅದು 1.8 ಮೀಟರ್ ಎತ್ತರವಿರಬೇಕು. ತಮ್ಮದು ಆರಡಿ ಎಂದಿದ್ದೀರಿ, ಕೊಳದ ಬದಿಯ ನೆಲವನ್ನು ಮಣ್ಣು ತುಂಬಿಸಿ ಎತ್ತರಿಸದಿದ್ದರೆ ಸರಿಹೋಗುತ್ತದೆ.

ಗೇಟಿನ ವಿಷಯದಲ್ಲಿ ಇಲ್ಲಿನವರು ಬಹಳ ಕಟ್ಟುನಿಟ್ಟು. ಗೇಟು ಕೊಳದ ಕಡೆಗಲ್ಲ, ಹೊರಗಡೆಗೆ ತೆರೆದುಕೊಳ್ಳಬೇಕು. ಎಲ್ಲಿಯವರೆಗೆ ತೆರೆದು ಬಿಟ್ಟರೂ ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಬೀಳಬೇಕು, ಮತ್ತು ಆ ಚಿಲಕವನ್ನು ಬಿಡಿಸುವ ಗುಂಡಿ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು. ತಪಾಸಣೆಗೆ ಬಂದಾತ ಗೇಟನ್ನು ಬರಿಯ ಒಂದು ಕೈಯಗಲ ಸರಿಸಿ ಬಿಟ್ಟು ನಿಂತು ನೋಡುತ್ತಾನೆ. ಜೋರಾಗಿ ತಳ್ಳಿ ಬಿಟ್ಟಾಗ ಟಕ್ಕೆಂದು ಬೀಳುವ ಚಿಲಕ ಎಷ್ಟೋ ಸಲ ಆ ಕೈಯಗಲದಿಂದ ಬಿಟ್ಟಾಗ ಬೀಳುವುದಿಲ್ಲ, ಗೇಟು ಸುಮ್ಮನೆ ಒರಗಿಕೊಂಡಿರುತ್ತದೆ. ಒರಗಿದ ಗೇಟು ದೂರದಿಂದ ಮುಚ್ಚಿದಂತೆಯೇ ಕಾಣುವುದರಿಂದ ಅದು ತೆರೆದ ಗೇಟಿಗಿಂತ ಅಪಾಯಕಾರಿ. 2010ರ ಮೇ ತಿಂಗಳ ನಂತರ ಕಟ್ಟಿದ ಹೊರಾಂಗಣ ಕೊಳಗಳಿಗೆ ಮನೆಯ ಬಾಗಿಲು ನೇರವಾಗಿ ತೆರೆದುಕೊಳ್ಳುವುದನ್ನೂ ಇಲ್ಲಿ ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ಅಡುಗೆಮನೆಯ ಹಿಂಬಾಗಿಲಿಗೂ ಕೊಳಕ್ಕೂ ನಡುವೆ ಬೇಲಿ ಬರಲೇಬೇಕು.

ಉತ್ತರ: ಈಜು ಕಲಿಸುವವರು

ಎಲ್ಲರೂ ಬೇಲಿಯೊಂದನ್ನೇ ಹಿಡಿದುಕೊಂಡಿದ್ದೀರಿ. ಫ್ರಾನ್ಸ್ ದೇಶದ 2003ರ ಜನವರಿ 3ರ ಕಾನೂನು ಖಾಸಗಿ ಕೊಳದ ಮಾಲೀಕರಿಗೆ ನಾಲ್ಕು ಆಯ್ಕೆಗಳನ್ನು ಕೊಟ್ಟಿದೆ: ಬೇಲಿ, ಗಟ್ಟಿ ಹೊದಿಕೆ, ಮುಚ್ಚಿದ ಚಾವಣಿ ಅಥವಾ ಎಚ್ಚರಿಕೆಯ ಗಂಟೆ. ಇವುಗಳಲ್ಲಿ ಯಾವುದಾದರೊಂದು ಇದ್ದರೆ ಸಾಕು. ಬೀಗರಿಗೆ ಬೇಲಿ ಹಿಡಿಸದಿದ್ದರೆ ಹೊದಿಕೆಯನ್ನೇ ಹಾಕಿಸಬಹುದಲ್ಲ? ಮಗುವಿಗೆ ನಾಲ್ಕು ವರ್ಷವಾಗುತ್ತಿದ್ದಂತೆ ಈಜು ಕಲಿಸಿಬಿಟ್ಟರೆ ಅರ್ಧ ಭಯ ತಾನಾಗಿ ಹೋಗುತ್ತದೆ.

ಉತ್ತರ: ಸಿವಿಲ್ ಇಂಜಿನಿಯರ್, ತುಮಕೂರು

ಫ್ರಾನ್ಸಿನ ಆಯ್ಕೆಗಳು ಇವೆ, ನಿಜ. ಆದರೆ ನಾಲ್ಕೂ ಒಂದೇ ತೂಕದವಲ್ಲ ಎಂಬುದು ನನ್ನ ಅಭಿಪ್ರಾಯ. ಗಂಟೆ ಬಾರಿಸುವುದು ಮಗು ನೀರಿಗೆ ಬಿದ್ದ ಮೇಲೆ, ಆಗ ಮನೆಯಲ್ಲಿರುವವರು ಮಹಡಿಯ ಮೇಲಿದ್ದರೆ ಇಳಿದು ಬರಬೇಕು, ಕರೆಂಟು ಹೋಗಿದ್ದರೆ ಬ್ಯಾಟರಿಯಲ್ಲಿ ಜೀವವಿರಬೇಕು. ಹೊದಿಕೆ ಒಳ್ಳೆಯದೇ, ಆದರೆ ಈಜಿ ಎದ್ದು ಬಂದವರು ಪ್ರತಿ ಸಲವೂ ಅದನ್ನು ಪೂರ್ತಿ ಎಳೆದು ಕೊಂಡಿ ಹಾಕಬೇಕು. ಬಿಸಿಲಿಗೆ ಕಟ್ಟುವ ತೆಳ್ಳನೆಯ ಹಸಿರು ನೆಟ್ಟನ್ನು ಹೊದಿಕೆ ಎಂದುಕೊಂಡರಂತೂ ಇನ್ನೂ ಕೆಡುಕು, ಅದರ ಮೇಲೆ ಕಾಲಿಟ್ಟ ಮಗು ನೆಟ್ಟಿನ ಸಮೇತ ಒಳಗೆ ಹೋಗುತ್ತದೆ. ಚಿಕ್ಕ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ನೀರು ಬಡಿಯುವ ಸದ್ದೂ ಹೆಚ್ಚು ಕೇಳಿಸುವುದಿಲ್ಲ, ಮತ್ತು ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಮನುಷ್ಯರು ಮರೆತಾಗಲೂ ಕೆಲಸ ಮಾಡುವುದು ತಾನಾಗಿ ಮುಚ್ಚುವ ಗೇಟಿರುವ ಬೇಲಿಯೊಂದೇ. ಈಜು ಕಲಿಸುವುದು ಖಂಡಿತ ಬೇಕು. ನಾಲ್ಕು ವರ್ಷ ತುಂಬುವವರೆಗಿನ ಒಂದೂವರೆ ವರ್ಷಕ್ಕೆ ಏನು ಮಾಡುವುದು ಎಂಬುದೇ ಇಲ್ಲಿನ ಪ್ರಶ್ನೆ.

ಉತ್ತರ: ಚಿಂತಾಮಣಿ ಕಡೆಯ ರೈತ

ಈಜುಕೊಳದ ಬಗ್ಗೆ ನನಗೆ ತಿಳಿಯದು, ಕೃಷಿ ಹೊಂಡದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಈಜುಕೊಳಕ್ಕಿಂತ ದೊಡ್ಡ ಅಪಾಯ ಎಂಬುದು ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಗೊತ್ತಿರುವ ಸಂಗತಿ. ಈಜುಕೊಳಕ್ಕೆ ಮೆಟ್ಟಿಲಿರುತ್ತದೆ, ಒಂದು ತುದಿಯಲ್ಲಾದರೂ ಕಾಲೂರಲು ನೆಲ ಸಿಗುತ್ತದೆ. ಕೃಷಿ ಹೊಂಡ ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಆ ಇಳಿಜಾರಿನ ಮೇಲೆಲ್ಲ ಪಾಲಿಥೀನ್ ಹೊದಿಕೆ. ನೀರು ತಾಗಿ ಪಾಚಿ ಕಟ್ಟಿದ ಮೇಲೆ ಆ ಹಾಳೆಯ ಮೇಲೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು, ಕೈ ಊರಿದರೆ ಜಾರುತ್ತದೆ, ಮಂಡಿ ಊರಿದರೂ ಜಾರುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದ ಪ್ರಸಂಗಗಳು ನಡೆಯುವುದು ಇದರಿಂದಲೇ.

2014-15ರಲ್ಲಿ ಕೃಷಿ ಭಾಗ್ಯ ಆರಂಭವಾದ ಮೇಲೆ ನಮ್ಮ ಭಾಗದಲ್ಲಿ ಹೊಂಡಗಳು ಬಹಳ ಆದವು. 2023-24ರಲ್ಲಿ ಯೋಜನೆಯನ್ನು ಮತ್ತೆ ಜಾರಿಗೆ ತಂದಾಗ ಹೊಂಡದ ಸುತ್ತಲಿನ ತಂತಿ ಬೇಲಿಯೂ ಸಹಾಯಧನದ ಅಂಶಗಳಲ್ಲಿ ಸೇರಿದೆ. ತಮ್ಮದು ಹಳೆಯ ಹೊಂಡವಾದರೆ ದುರಸ್ತಿಗೆ ಏನಾದರೂ ಸಿಗುತ್ತದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ, ಆದರೆ ಅದಕ್ಕಾಗಿ ಕಾಯುತ್ತಾ ಬೇಲಿಯನ್ನು ಬಿದ್ದಂತೆಯೇ ಬಿಡಬೇಡಿ.

ನಮ್ಮ ಕಡೆ ಬೇಲಿಯೆಂದರೆ ಕಲ್ಲುಕಂಬ ನಿಲ್ಲಿಸಿ ಮೂರು ಸಾಲು ಮುಳ್ಳುತಂತಿ ಎಳೆಯುವುದು. ಅದು ಎಮ್ಮೆಯನ್ನು ತಡೆಯುತ್ತದೆ. ಮೇಕೆ ಅಡಿಯಿಂದ ನುಗ್ಗುತ್ತದೆ, ಮೇಕೆ ನುಗ್ಗಿದ ಕಡೆಯಲ್ಲೆಲ್ಲ ಅದನ್ನು ಕಾಯುವ ಹುಡುಗನೂ ನುಗ್ಗುತ್ತಾನೆ. ಕಂಬಗಳು ಅವೇ ಇರಲಿ, ಬುಡದಿಂದ ಐದು ಅಡಿಯವರೆಗೆ ಚೈನ್‌ಲಿಂಕ್ ಜಾಲರಿ ಕಟ್ಟಿಸಿ, ಜಾಲರಿಯ ತಳವನ್ನು ಮಣ್ಣಿನಲ್ಲಿ ಅರ್ಧ ಅಡಿ ಹೂಳಿಸಿ, ಮೇಲೊಂದು ಸಾಲು ಮುಳ್ಳುತಂತಿ ಬಿಡಿ. ಇಂಜಿನಿಯರ್ ಸಾಹೇಬರು ಹೇಳಿದ ಚಿಕ್ಕ ಕಣ್ಣಿನ ಜಾಲರಿ ಹೊಂಡದ ಇಡೀ ಸುತ್ತಳತೆಗೆ ದುಬಾರಿಯಾದೀತು, ಅದಕ್ಕೇ ನಾನು ಎತ್ತರವನ್ನು ಹೆಚ್ಚು ಹೇಳುತ್ತಿದ್ದೇನೆ. ಬೇಲಿ ಎಷ್ಟು ಗಟ್ಟಿಯಾದರೂ ಬಾಗಿಲಿಗೆ ಬಂದಾಗ ನಾವೆಲ್ಲ ಬೈಂಡಿಂಗ್ ವೈರು ಸುತ್ತಿ ಬಿಟ್ಟುಬಿಡುತ್ತೇವೆ. ಮೋಟಾರು ನೋಡಲು ದಿನಕ್ಕೆರಡು ಸಲ ಹೋಗುವವರು ವೈರನ್ನು ಬಿಚ್ಚಿ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಪಂಪ್‌ಸೆಟ್ಟನ್ನೂ ಸ್ಟಾರ್ಟರ್ ಡಬ್ಬಿಯನ್ನೂ ಬೇಲಿಯ ಹೊರಗೇ ಇಡಿಸಿ, ಬಾಗಿಲಿಗೆ ಬೀಗ ಹಾಕಿ.

ಇಷ್ಟೆಲ್ಲ ಆದ ಮೇಲೂ ಹೊಂಡದ ಎರಡು ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ದಡದ ಕಂಬಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ. ಹಳೆಯ ಲಾರಿ ಟಯರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಸಿದರೆ ಇನ್ನೂ ಒಳ್ಳೆಯದು, ಮೆಟ್ಟಿಲಿನಂತೆ ಕಾಲಿಗೂ ಸಿಗುತ್ತದೆ. ಖಾಲಿ ಕ್ಯಾನುಗಳಿಗೆ ಮುಚ್ಚಳ ಬಿಗಿದು ಹಗ್ಗ ಕಟ್ಟಿ ಬೇಲಿಯ ಒಳಗಡೆ ನೇತುಹಾಕಿದ್ದರೆ, ಈಜು ಬಾರದವರೂ ದಡದಲ್ಲಿ ನಿಂತೇ ಎಸೆಯಬಹುದು.

ಪ್ರಶ್ನೆ ಕೇಳಿದವರು: ಕ್ಯಾತ್ಸಂದ್ರ ನಿವಾಸಿ

ತಮ್ಮೆಲ್ಲರಿಗೂ ವಂದನೆಗಳು. ಕೊಳವನ್ನು ಅಡುಗೆಮನೆಯ ಗೋಡೆಯಿಂದ ಎಂಟು ಅಡಿ ಹಿಂದಕ್ಕೆ ಸರಿಸಿ, ನಡುವೆ ನಾಲ್ಕೂವರೆ ಅಡಿ ಎತ್ತರದ ಉದ್ದ ಸರಳಿನ ಬೇಲಿ ಹಾಕಿಸುವುದೆಂದು ಮಗನೊಡನೆ ಮಾತಾಡಿ ನಿರ್ಧರಿಸಿದ್ದೇವೆ. ಕೊಳದ ಹಿಂಬದಿಗೆ ಕಾಂಪೌಂಡ್ ಗೋಡೆಯೇ ಇರುತ್ತದೆ. ಗುಬ್ಬಿಯ ಹೊಂಡ ಊರ ದಾರಿಗೆ ಅಂಟಿಕೊಂಡೇ ಇರುವುದರಿಂದ ಅದರ ಕೆಲಸಕ್ಕೆ ಈ ವಾರವೇ ಆಳು ಹೇಳಿದ್ದೇನೆ. ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ತಾನಾಗಿ ಮುಚ್ಚಿಕೊಳ್ಳುವ ಗೇಟಿಗೆ ನಮ್ಮ ಊರಿನಲ್ಲಿ ಏನು ಸಿಗುತ್ತದೆ? ಕೊಳದ ಫಿಲ್ಟರ್ ಮತ್ತು ಮೋಟಾರಿನ ಗೂಡನ್ನು ಬೇಲಿಯ ಒಳಗೆ ಇಡಬೇಕೇ, ಹೊರಗೆ ಇಡಬೇಕೇ?

ಉತ್ತರ: ಸಿವಿಲ್ ಇಂಜಿನಿಯರ್, ತುಮಕೂರು

ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಸ್ಪ್ರಿಂಗ್ ಹಿಂಜ್ ಎರಡನ್ನು ಹಾಕಿಸಿ, ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ, ಏಕೆಂದರೆ ಕ್ಲೋರಿನ್ ತಾಗುವ ಕಡೆ ಸಾದಾ ಕಬ್ಬಿಣದ ಸ್ಪ್ರಿಂಗು ಬೇಗ ತುಕ್ಕು ಹಿಡಿದು ಸೋಲುತ್ತದೆ. ಬಾಗಿಲಿನ ಮೇಲೆ ಹಾಕುವ ಮನೆಯೊಳಗಿನ ಡೋರ್ ಕ್ಲೋಸರ್ ಮಳೆಬಿಸಿಲಿಗೆ ತಡೆಯುವುದಿಲ್ಲ. ಚಿಲಕವನ್ನು ಐದು ಅಡಿ ಎತ್ತರಕ್ಕೆ ತರಲು ಗೇಟಿನ ಕಂಬವನ್ನು ಬೇಲಿಗಿಂತ ಎತ್ತರ ನಿಲ್ಲಿಸಬೇಕಾಗುತ್ತದೆ, ವೆಲ್ಡಿಂಗಿನವರಿಗೆ ಇದನ್ನು ಚಿತ್ರ ಬರೆದೇ ಕೊಡಿ, ಬಾಯಿಮಾತಿನಲ್ಲಿ ಹೇಳಿದರೆ ನಡುಮಟ್ಟಕ್ಕೇ ಹಾಕಿಬಿಡುತ್ತಾರೆ. ಕೆಲಸ ಮುಗಿದಾಗ ಮೆಲ್ಬರ್ನಿನವರು ಹೇಳಿದ ಕೈಯಗಲದ ಪರೀಕ್ಷೆಯನ್ನು ಅವರೆದುರೇ ಮಾಡಿ, ಚಿಲಕ ಬಿದ್ದ ಮೇಲೆ ಹಣ ಕೊಡಿ. ಬೇಲಿ ಲೋಹದ್ದಾದ್ದರಿಂದ ಅದನ್ನು ಕೊಳದ ಅರ್ಥಿಂಗ್‌ಗೆ ಸೇರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳುವುದನ್ನು ಬಿಡಬೇಡಿ.

ಮೋಟಾರಿನ ಗೂಡು ಬೇಲಿಯ ಹೊರಗಿರಲಿ, ಆದರೆ ಬೇಲಿಯಿಂದ ಮೂರು ಅಡಿ ದೂರದಲ್ಲಿರಲಿ. ಎರಡಡಿ ಎತ್ತರದ ಗೂಡು ಬೇಲಿಗೆ ಆನಿಕೊಂಡಿದ್ದರೆ ನಿಮ್ಮ ನಾಲ್ಕೂವರೆ ಅಡಿ ಬೇಲಿ ಮಗುವಿನ ಪಾಲಿಗೆ ಎರಡೂವರೆ ಅಡಿಯದಾಗುತ್ತದೆ. ಎ.ಸಿ.ಯ ಹೊರ ಘಟಕವನ್ನೂ ಆ ಗೋಡೆಗೆ ಹಾಕಿಸುವ ಯೋಚನೆಯಿದ್ದರೆ ಅದಕ್ಕೂ ಇದೇ ಅಂತರ ಬಿಡಿ.